ರೆಫರಿ ಎಲ್ಲಿ ನಿಂತಿದ್ದರು?

ಓದುಗರ ಪ್ರಶ್ನೆ, ನಮ್ಮ ಉತ್ತರ: ಫುಟ್‌ಬಾಲ್ ವಿಶೇಷ

ಅಂತರರಾಷ್ಟ್ರೀಯ ಫುಟ್‌ಬಾಲ್‌ನ ತಪ್ಪು ತೀರ್ಪುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಬರೀ ಬೈಗುಳ ಇದ್ದ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇವೆ. ಸಿಟ್ಟು ನ್ಯಾಯವಾದದ್ದೇ, ಆದರೆ ಅದಕ್ಕೆ ಉತ್ತರ ಬರೆಯಲು ಬರುವುದಿಲ್ಲ.

2024ರ ಜೂನ್ 11ರಂದು ದೋಹಾದಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ, ಚೆಂಡು ಹೊರಗೆ ಹೋದ ಮೇಲೂ ಕತಾರ್‌ಗೆ ಗೋಲು ಕೊಟ್ಟರು. ಟಿವಿಯಲ್ಲಿ ನಮಗೆಲ್ಲ ಕಂಡದ್ದು ಅಂಗಳದಲ್ಲಿದ್ದ ಒಬ್ಬ ರೆಫರಿಗೂ ಕಾಣಲಿಲ್ಲವೇ? – ಓದುಗರು, ಶಿವಮೊಗ್ಗ

ಟಿವಿಯವರ ಒಂದು ಕ್ಯಾಮೆರಾ ಗೋಲಿನ ಹಿಂಬದಿಯಿಂದ ನೋಡುತ್ತಿತ್ತು. ರೆಫರಿಗಳ ಕಣ್ಣು ಅಲ್ಲಿರುವುದಿಲ್ಲ.

ನಡೆದದ್ದನ್ನು ಒಮ್ಮೆ ನಿಧಾನವಾಗಿ ನೋಡೋಣ. 37ನೇ ನಿಮಿಷದಲ್ಲಿ ಛಾಂಗ್ಟೆ ಹೊಡೆದ ಗೋಲಿನಿಂದ ಭಾರತ 1–0 ಮುಂದಿತ್ತು. ಗೆದ್ದರೆ ಮೂರನೇ ಸುತ್ತು. 73ನೇ ನಿಮಿಷದಲ್ಲಿ ಕತಾರ್‌ನ ಫ್ರೀ ಕಿಕ್ ಬಂತು, ಯೂಸುಫ್ ಅಯ್ಮನ್ ತಲೆಯಿಂದ ಹೊಡೆದರು. ಐದು ದಿನದ ಹಿಂದೆಯಷ್ಟೇ ಸುನಿಲ್ ಚೆಟ್ರಿ ನಿವೃತ್ತರಾಗಿದ್ದರಿಂದ ಆ ರಾತ್ರಿ ನಾಯಕರಾಗಿದ್ದವರು ಬೆಂಗಳೂರು ಎಫ್‌ಸಿಯ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು. ಅವರು ಚೆಂಡನ್ನು ತಡೆದು ನೆಲಕ್ಕೆ ಬಿದ್ದರು. ಚೆಂಡು ಅವರನ್ನು ದಾಟಿ, ಕಂಬದ ಪಕ್ಕದಲ್ಲಿ ಗೋಲ್ ಲೈನಿನಾಚೆ ಉರುಳಿತು. ಹಾಶ್ಮಿ ಹುಸೇನ್ ಅದನ್ನು ಕಾಲಿನಿಂದ ಒಳಗೆಳೆದರು, ಅಯ್ಮನ್ ಗೋಲಿಗೆ ತಳ್ಳಿದರು. ದಕ್ಷಿಣ ಕೊರಿಯಾದ ರೆಫರಿ ಕಿಮ್ ವೂ-ಸಂಗ್ ಗೋಲು ಎಂದರು. 85ನೇ ನಿಮಿಷದಲ್ಲಿ ಇನ್ನೊಂದು ಬಿದ್ದು ಭಾರತ 2–1ರಲ್ಲಿ ಸೋತಿತು.

ಈಗ ದೂರದ ಲೆಕ್ಕ. ಸಹಾಯಕ ರೆಫರಿ ಓಡುವುದು ಸೈಡ್‌ಲೈನಿನ ಹೊರಗೆ. ಅಂಗಳದ ಅಗಲ 68 ಮೀಟರ್, ಗೋಲಿನ ಅಗಲ 7.32 ಮೀಟರ್. ಕಳೆದು ಅರ್ಧ ಮಾಡಿದರೆ 30.34. ಅಂದರೆ ಹತ್ತಿರದ ಕಂಬವೇ ಅವರಿಂದ 30 ಮೀಟರ್ ಆಚೆ. ಅದೂ ಅವರು ಸರಿಯಾಗಿ ಗೋಲ್ ಲೈನಿನ ನೇರಕ್ಕೆ ನಿಂತಿದ್ದರೆ ಮಾತ್ರ. ಫ್ರೀ ಕಿಕ್ ಬೀಳುವಾಗ ಅವರ ಮೊದಲ ಕೆಲಸ ಆಫ್‌ಸೈಡ್ (ಚೆಂಡು ಕೊಡುವ ಕ್ಷಣದಲ್ಲಿ ಸಹ ಆಟಗಾರ ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತ ಗೋಲಿಗೆ ಹತ್ತಿರವಿರುವುದು) ನೋಡುವುದು, ಹಾಗಾಗಿ ಕೊನೆಯಿಂದ ಎರಡನೇ ಡಿಫೆಂಡರ್‌ನ ನೇರಕ್ಕೆ ಇರಬೇಕು. ಅಲ್ಲಿಂದ ಗೋಲ್ ಲೈನಿಗೆ ಓಡಿಬರುವುದು ಎರಡನೇ ಕೆಲಸ. ಎರಡು ಹೆಜ್ಜೆ ಹಿಂದುಳಿದರೂ ಲೈನನ್ನು ಓರೆಯಾಗಿ ನೋಡಬೇಕಾಗುತ್ತದೆ. ಓರೆಯಾಗಿ ನೋಡಿದರೆ ಲೈನಿನ ಮೇಲಿರುವ ಚೆಂಡಿಗೂ ಒಂದು ಅಡಿ ಆಚೆಗಿರುವ ಚೆಂಡಿಗೂ ವ್ಯತ್ಯಾಸ ತಿಳಿಯುವುದಿಲ್ಲ. ನಡುವೆ ಬಿದ್ದಿರುವ ಕೀಪರ್, ನಾಲ್ಕಾರು ಜೊತೆ ಕಾಲು, ಕಂಬ ಬೇರೆ.

ಒಂದು ಮಾತು ಹಲವರು ಗಮನಿಸಿಲ್ಲ. ಗೋಲ್ ಲೈನ್ ತಂತ್ರಜ್ಞಾನ ಇದ್ದಿದ್ದರೂ ಅಂದು ಭಾರತಕ್ಕೆ ಉಪಯೋಗವಾಗುತ್ತಿರಲಿಲ್ಲ. ಅದು ಎರಡು ಕಂಬಗಳ ನಡುವೆ ಚೆಂಡು ದಾಟಿತೇ ಎಂದಷ್ಟೇ ಹೇಳುತ್ತದೆ, ಕಂಬದ ಹೊರಗೆ ಹೋದದ್ದನ್ನಲ್ಲ. ಬೇಕಾಗಿದ್ದದ್ದು ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಗೆ ನೆರವಾಗುವ ಸಹಾಯಕರು. ಗೋಲಿಗೆ ಮುಂಚೆ ಚೆಂಡು ಹೊರಹೋಗಿತ್ತೇ ಎಂಬುದು ಅವರು ಕಡ್ಡಾಯವಾಗಿ ನೋಡುವ ಅಂಶ. ಏಷ್ಯಾದ ಎರಡನೇ ಸುತ್ತಿನ ಪಂದ್ಯಗಳಿಗೆ ವಿಎಆರ್ ಇಟ್ಟಿರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ದೂರು ಕೊಟ್ಟಿತು, ಫಲಿತಾಂಶ ಬದಲಾಗಲಿಲ್ಲ.

ಕಹಿಯಾದರೂ ಹೇಳಲೇಬೇಕು: ಚೆಂಡು ಹೊರಹೋಯಿತು, ಇನ್ನು ಕಾರ್ನರ್ ಎಂದುಕೊಂಡು ನಮ್ಮ ಡಿಫೆಂಡರ್‌ಗಳು ಸಡಿಲಬಿಟ್ಟದ್ದೂ ತಪ್ಪೇ. ಸೀಟಿ ಕೇಳುವ ತನಕ ಆಟ ನಡೆಯುತ್ತಲೇ ಇರುತ್ತದೆ.

2022ರ ವಿಶ್ವಕಪ್‌ನಲ್ಲಿ ಜಪಾನ್ ಸ್ಪೇನ್ ಮೇಲೆ ಹೊಡೆದ ಎರಡನೇ ಗೋಲೂ ಇದೇ ತರಹದ್ದಲ್ಲವೇ? ಚೆಂಡು ಹೊರಗಿದ್ದದ್ದು ಫೋಟೊದಲ್ಲಿ ಸ್ಪಷ್ಟವಾಗಿದೆ. – ಓದುಗರು, ಧಾರವಾಡ

ಅಲ್ಲ. ಆ ತೀರ್ಪು ಸರಿ, ಮೋಸ ಮಾಡಿದ್ದು ಫೋಟೊ. ನಂಬಿಕೆ ಬರದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ.

ಪೂರ್ಣ ಗಾತ್ರದ ಫುಟ್‌ಬಾಲಿನ ಸುತ್ತಳತೆ 68ರಿಂದ 70 ಸೆಂ.ಮೀ, ಅಂದರೆ ಅಡ್ಡಳತೆ ಸುಮಾರು 22 ಸೆಂ.ಮೀ. ನೆಲದ ಮೇಲೆ 12 ಸೆಂ.ಮೀ ಅಗಲದ ಬಿಳಿ ಪಟ್ಟಿ ಅಂಟಿಸಿ. ಲೈನಿನ ಗರಿಷ್ಠ ಅಗಲ ಅಷ್ಟೇ. ಪಟ್ಟಿಯ ಹೊರ ಅಂಚಿನಿಂದ 9 ಸೆಂ.ಮೀ ಆಚೆ ಒಂದು ಗುರುತು ಹಾಕಿ, ಚೆಂಡು ಆ ಗುರುತಿನ ಮೇಲೆ ನೆಲ ಮುಟ್ಟುವ ಹಾಗೆ ಇಡಿ. ಈಗ ಚೆಂಡಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಲೈನಿಗೂ ಚೆಂಡಿಗೂ ನಡುವೆ ಬರಿನೆಲ ಢಾಳಾಗಿ ಕಾಣುತ್ತದೆ, ಹೊರಗೆ ಎಂದು ಆಣೆ ಮಾಡುತ್ತೀರಿ. ಎದ್ದು ನಿಂತು ನೆತ್ತಿಯಿಂದ ನೇರ ಕೆಳಗೆ ನೋಡಿ. ಚೆಂಡಿನ ಹೊಟ್ಟೆ ಲೈನಿನ ಮೇಲೆ 2 ಸೆಂ.ಮೀ ಚಾಚಿಕೊಂಡಿರುತ್ತದೆ. ಚೆಂಡು ಪೂರ್ತಿಯಾಗಿ ಲೈನ್ ದಾಟಬೇಕು ಎನ್ನುತ್ತದೆ ನಿಯಮ. ನೆಲದಲ್ಲಾದರೂ ಸರಿ, ಗಾಳಿಯಲ್ಲಾದರೂ ಸರಿ. ನೆಲ ಮುಟ್ಟಿದ ಜಾಗ ಲೆಕ್ಕಕ್ಕಿಲ್ಲ.

ಜಪಾನಿನ ಮಿತೋಮಾ ಒಳಗೆ ತಿರುಗಿಸಿದ ಚೆಂಡು ಲೈನಿನ ಮೇಲೆ ಉಳಿದಿದ್ದದ್ದು ಎರಡು ಮಿಲಿಮೀಟರಿಗೂ ಕಡಿಮೆ ಎಂದು ವರದಿಯಾಗಿತ್ತು. ಅದು ಬರಿಗಣ್ಣಿನ ಕೆಲಸವಲ್ಲ. ತನಾಕಾ ಹೊಡೆದ ಆ ಗೋಲು ಇಲ್ಲದೆ ಪಂದ್ಯ 1–1ರಲ್ಲಿ ಮುಗಿದಿದ್ದರೆ ಜಪಾನ್ ಬದಲು ಜರ್ಮನಿ ಮುಂದೆ ಹೋಗುತ್ತಿತ್ತು.

2010ರಲ್ಲಿ ಲ್ಯಾಂಪಾರ್ಡ್ ಗೋಲನ್ನು ಯಾಕೆ ಕೊಡಲಿಲ್ಲ? ಅದು ಮಿಲಿಮೀಟರ್ ಲೆಕ್ಕವಂತೂ ಆಗಿರಲಿಲ್ಲ. – ಓದುಗರು, ಮಂಗಳೂರು

ನಿಜ, ಅದು ಕುರುಡನಿಗೂ ಕಾಣುವಷ್ಟು ಒಳಗಿತ್ತು ಎಂದು ಆಗ ಎಲ್ಲರೂ ಬರೆದರು. ಜೂನ್ 27, ಬ್ಲೂಮ್‌ಫಾಂಟೇನ್. ಇಂಗ್ಲೆಂಡ್ ಎದುರಿನ ವಿಶ್ವಕಪ್ ಪಂದ್ಯದಲ್ಲಿ ಜರ್ಮನಿ 2–1 ಮುಂದಿದೆ. 38ನೇ ನಿಮಿಷದಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಮೇಲಿನ ಅಡ್ಡಪಟ್ಟಿಯ ಅಡಿಗೆ ಬಡಿದು, ಲೈನಿನಾಚೆ ನೆಲಕ್ಕೆ ಅಪ್ಪಳಿಸಿ, ಪುಟಿದು ಹೊರಬಂದು ಕೀಪರ್ ನೊಯರ್ ಕೈಸೇರಿತು. ಉರುಗ್ವೆಯ ರೆಫರಿ ಲಾರಿಯೊಂಡಾ, ಸಹಾಯಕ ಎಸ್ಪಿನೋಸಾ ಇಬ್ಬರೂ ಸುಮ್ಮನಿದ್ದರು. ಪಂದ್ಯವನ್ನು ಜರ್ಮನಿ 4–1ರಲ್ಲಿ ಗೆದ್ದಿತು.

ಗಂಟೆಗೆ 100 ಕಿ.ಮೀ ವೇಗದ ಚೆಂಡು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಚೆನ್ನಾಗಿ ಓಡುವ ಸಹಾಯಕ ರೆಫರಿ ಸೆಕೆಂಡಿಗೆ 8 ಮೀಟರ್ ಓಡಿಯಾರು. 20 ಮೀಟರಿನಿಂದ ಹೊಡೆದ ಚೆಂಡು ಮುಕ್ಕಾಲು ಸೆಕೆಂಡಿನೊಳಗೆ ಗೋಲಿನಲ್ಲಿ. ಅಷ್ಟರಲ್ಲಿ ಅವರು ಆರು ಮೀಟರೂ ಮುಟ್ಟಿರುವುದಿಲ್ಲ. ಆಫ್‌ಸೈಡ್ ನೋಡಿಕೊಂಡು ಪೆನಾಲ್ಟಿ ಏರಿಯಾದ ಅಂಚಿನಲ್ಲಿ ನಿಂತವರು ಗೋಲ್ ಲೈನಿಗೆ ತಲುಪುವ ಮಾತೇ ಇಲ್ಲ. ದೂರದಿಂದ, ಓರೆಯಾಗಿ, ಓಡುತ್ತಲೇ ನೋಡಬೇಕು. ಗೋಲು ಎಂದು ಖಚಿತವಾಗದಿದ್ದರೆ ಕೊಡಬಾರದು ಎಂಬುದೇ ಅವರಿಗೆ ಕಲಿಸಿರುವ ಪಾಠ. ಲಾರಿಯೊಂಡಾ ಮಟ್ಟಿಗೆ ನಮ್ಮ ತಕರಾರು ಒಂದೇ: ಚೆಂಡು ಅಡ್ಡಪಟ್ಟಿಗೆ ಬಡಿದು ಪುಟಿದ ರೀತಿ ನೋಡಿಯೇ ಅನುಮಾನ ಬರಬೇಕಿತ್ತು.

ಅದೇ ದಿನ ಸಂಜೆ ಅರ್ಜೆಂಟೀನಾ–ಮೆಕ್ಸಿಕೊ ಪಂದ್ಯದಲ್ಲಿ ಅರ್ಜೆಂಟೀನಾದ ಟೆವೆಜ್ ಕಣ್ಣಿಗೆ ರಾಚುವಷ್ಟು ಆಫ್‌ಸೈಡ್‌ನಲ್ಲಿದ್ದರೂ ಗೋಲು ಸಿಕ್ಕಿತು. ಆ ಮರುಪ್ರಸಾರ ಕ್ರೀಡಾಂಗಣದ ದೊಡ್ಡ ಪರದೆಯ ಮೇಲೇ ಬಂತು. ರೆಫರಿ ರೋಸೆಟ್ಟಿ ಸಹಾಯಕನ ಜೊತೆ ಮಾತಾಡಿದರು, ತೀರ್ಪು ಬದಲಿಸಲಿಲ್ಲ. ಆಗಿನ ನಿಯಮದಲ್ಲಿ ವಿಡಿಯೊ ನೋಡಿ ತೀರ್ಪು ತಿದ್ದುವಂತಿರಲಿಲ್ಲ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, 2012ರ ಜುಲೈನಲ್ಲಿ ಗೋಲ್ ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು. 2014ರ ವಿಶ್ವಕಪ್‌ನಲ್ಲಿ ಒಂದೊಂದು ಗೋಲಿಗೆ ಏಳರಂತೆ 14 ಕ್ಯಾಮೆರಾ ಇಟ್ಟರು. ಚೆಂಡು ದಾಟಿದ ಒಂದು ಸೆಕೆಂಡಿನೊಳಗೆ ರೆಫರಿಯ ಕೈಗಡಿಯಾರ ಅದುರುತ್ತದೆ. ಅದರಿಂದ ಮೊದಲು ತೀರ್ಮಾನವಾದದ್ದು ಫ್ರಾನ್ಸ್–ಹೊಂಡುರಾಸ್ ಪಂದ್ಯದ ಗೋಲು: ಬೆಂಜೆಮಾ ಹೊಡೆದದ್ದು ಕಂಬಕ್ಕೆ ಬಡಿದು, ಹೊಂಡುರಾಸ್ ಕೀಪರ್ ವಯ್ಯಾದಾರೆಸ್ ಕೈಗೆ ತಾಗಿ ಲೈನ್ ದಾಟಿತ್ತು.

ನಡುವೆ ಯೂರೋಪಿನವರು ಗೋಲ್ ಲೈನಿನ ಪಕ್ಕ ಇನ್ನೊಬ್ಬ ಮನುಷ್ಯನನ್ನೇ ನಿಲ್ಲಿಸಿ ನೋಡಿದರು. 2012ರ ಯೂರೊ ಕಪ್ ಟೂರ್ನಿಯಲ್ಲಿ ಉಕ್ರೇನಿನ ಡೆವಿಚ್ ಹೊಡೆದ ಚೆಂಡನ್ನು ಇಂಗ್ಲೆಂಡಿನ ಟೆರ್ರಿ ಲೈನಿನಾಚೆಯಿಂದ ಒದ್ದು ತೆಗೆದದ್ದು ಆ ಮನುಷ್ಯನಿಗೂ ಕಾಣಲಿಲ್ಲ. ತಮಾಷೆ ಎಂದರೆ ಅದಕ್ಕೆ ಮುಂಚೆಯೇ ಉಕ್ರೇನ್ ಆಟಗಾರ ಆಫ್‌ಸೈಡ್ ಆಗಿದ್ದರು, ಅದೂ ಕಾಣಲಿಲ್ಲ. ಎರಡು ತಪ್ಪು ಸೇರಿ ಲೆಕ್ಕ ಸರಿಹೋಯಿತು.

ಮರಡೋನಾ ಕೈಯಿಂದ ಹೊಡೆದದ್ದು ಲೋಕಕ್ಕೆಲ್ಲ ಗೊತ್ತು. ರೆಫರಿ ನಿಜವಾಗಿ ನೋಡಲಿಲ್ಲವೇ, ಅಥವಾ ನೋಡಿಯೂ ಬಿಟ್ಟರೇ? – ಓದುಗರು, ಬಳ್ಳಾರಿ

ನೋಡಲಿಲ್ಲ. 1986ರ ಜೂನ್ 22, ಮೆಕ್ಸಿಕೊ ಸಿಟಿ, 51ನೇ ನಿಮಿಷ. ಇಂಗ್ಲೆಂಡಿನ ಹಾಡ್ಜ್ ಹಿಂದಕ್ಕೆ ಎತ್ತಿದ ಚೆಂಡಿಗೆ ಕೀಪರ್ ಶಿಲ್ಟನ್ ಮತ್ತು ಅರ್ಜೆಂಟೀನಾದ ಮರಡೋನಾ ಒಟ್ಟಿಗೆ ಜಿಗಿದರು. ಟುನೀಶಿಯಾದ ರೆಫರಿ ಅಲಿ ಬೆನ್ನಾಸೂರ್ ಆಟದ ಹಿಂದೆ ಇದ್ದರು; ಅಲ್ಲಿಂದ ತಲೆಯ ಪಕ್ಕಕ್ಕೆ ಎತ್ತಿದ ಎಡಗೈ ಬೇರೆಯಾಗಿ ಕಾಣದು. ಅವರು ಬಲ್ಗೇರಿಯಾದ ಲೈನ್ಸ್‌ಮನ್ (ಸಹಾಯಕ ರೆಫರಿ) ದೋಚೆವ್ ಕಡೆ ನೋಡಿದರು. ಬಾವುಟ ಏಳಲಿಲ್ಲ, ಗೋಲು ಕೊಟ್ಟರು. ಇಬ್ಬರೂ ಮುಂದೆ ವರ್ಷಗಟ್ಟಲೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದರು. ಆಗ ಕಿವಿಯಲ್ಲಿ ಮೈಕ್ ಇರಲಿಲ್ಲ, ಕಣ್ಸನ್ನೆಯೇ ಗತಿ. (ಆ ಪಂದ್ಯದ ಚೆಂಡನ್ನು ಬೆನ್ನಾಸೂರ್ ಜೋಪಾನ ಮಾಡಿಟ್ಟುಕೊಂಡಿದ್ದು, 2022ರಲ್ಲಿ 20 ಲಕ್ಷ ಪೌಂಡಿಗೆ ಹರಾಜಾಯಿತು.)

ಇಂಥ ಕಡೆ ಅನುಭವಿ ರೆಫರಿಗಳು ಚೆಂಡನ್ನು ಬಿಟ್ಟು ಆಟಗಾರರ ಮುಖ ನೋಡುತ್ತಾರೆ. ಕೈ ಎತ್ತಿ ಹಿಡಿಯಬಲ್ಲ ಎತ್ತರದ ಕೀಪರ್‌ಗಿಂತ ಗಿಡ್ಡ ಆಟಗಾರನ ತಲೆ ಮೇಲೆ ಹೋಗುವುದು ಹೇಗೆ ಎಂಬ ಪ್ರಶ್ನೆಯೊಂದೇ ಸಾಕಿತ್ತು. 2009ರ ನವೆಂಬರ್ 18ರಂದು ಪ್ಯಾರಿಸ್ ಹತ್ತಿರ ಫ್ರಾನ್ಸಿನ ಥಿಯರಿ ಹೆನ್ರಿ ಚೆಂಡನ್ನು ಎರಡು ಸಲ ಕೈಯಲ್ಲಿ ತಡೆದು ಸಹ ಆಟಗಾರ ಗಲಾಸ್‌ಗೆ ಕೊಟ್ಟು ಗೋಲಾದಾಗಲೂ ಹೀಗೇ: ಐರ್ಲೆಂಡ್ ಆಟಗಾರರು ಒಬ್ಬರಲ್ಲ ಒಬ್ಬರು ತಮ್ಮ ತೋಳು ಬಡಿದು ತೋರಿಸಿದರು. ಸ್ವೀಡನ್ನಿನ ರೆಫರಿ ಹಾನ್ಸನ್‌ಗೂ ಹೆನ್ರಿಗೂ ನಡುವೆ ಜನ ಅಡ್ಡವಿದ್ದರು. ವಿಶ್ವಕಪ್ ಕೈತಪ್ಪಿದ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆಗೆ ಕೋರ್ಟಿಗೆ ಹೋಗದಂತೆ ಫಿಫಾ 50 ಲಕ್ಷ ಯೂರೊ ಕೊಟ್ಟದ್ದು 2015ರಲ್ಲಿ ಬಯಲಾಯಿತು.

ಥ್ರೋ-ಇನ್‌ನಲ್ಲಿ ಆಫ್‌ಸೈಡ್ ಇದೆಯೇ? – ಓದುಗರು, ತುಮಕೂರು

ಇಲ್ಲ. ಗೋಲ್ ಕಿಕ್, ಕಾರ್ನರ್ ಕಿಕ್‌ಗಳಲ್ಲೂ ಇಲ್ಲ. ಆದರೆ ಆ ಚೆಂಡು ಸಹ ಆಟಗಾರನ ಕಾಲಿಗೆ ಬಂದು, ಅವನು ಮುಂದಕ್ಕೆ ಕೊಟ್ಟ ಕ್ಷಣ ಆಫ್‌ಸೈಡ್ ಶುರು.

2018ರ ವಿಶ್ವಕಪ್ ಫೈನಲ್‌ನಲ್ಲಿ ವಿಎಆರ್ ಇತ್ತು. ಆದರೂ ಫ್ರಾನ್ಸಿನ ಗ್ರೀಜ್‌ಮನ್ ಸುಮ್ಮನೆ ಬಿದ್ದು ಗಿಟ್ಟಿಸಿದ ಫ್ರೀ ಕಿಕ್ಕಿನಿಂದ ಮೊದಲ ಗೋಲು ಬಂತು. ಯಾಕೆ ತಿದ್ದಲಿಲ್ಲ? – ಓದುಗರು, ಹಾಸನ

ನಿಯಮವೇ ಬಿಡಲಿಲ್ಲ. 2018ರಲ್ಲಿ ಬಂದ ವಿಎಆರ್ ಕಟ್ಟಳೆಯಲ್ಲಿ ಬಾಗಿಲು ನಾಲ್ಕೇ: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ಒಬ್ಬರ ಬದಲು ಇನ್ನೊಬ್ಬರಿಗೆ ಕಾರ್ಡ್ ಕೊಟ್ಟದ್ದು. ಗೋಲು ಬಿದ್ದಾಗ ಆ ದಾಳಿ ಶುರುವಾದಲ್ಲಿಂದ ನೋಡುತ್ತಾರೆ. ದಾಳಿ ಶುರುವಾದದ್ದೇ ಫ್ರೀ ಕಿಕ್ಕಿನಿಂದ. ಆ ಫ್ರೀ ಕಿಕ್ ಕೊಟ್ಟದ್ದು ಸರಿಯೇ ಎಂದು ಕೇಳುವಂತಿಲ್ಲ. 18ನೇ ನಿಮಿಷದಲ್ಲಿ ಅದು ಕ್ರೊಯೇಷ್ಯಾದ ಮಾಂಡ್ಜುಕಿಚ್ ತಲೆ ಸವರಿ ಸ್ವಂತ ಗೋಲಿಗೇ ಹೋಯಿತು.

38ನೇ ನಿಮಿಷದ ಪೆನಾಲ್ಟಿ ಬೇರೆ ಕತೆ. ಪೆರಿಸಿಚ್ ಕೈಗೆ ಚೆಂಡು ತಾಗಿದ್ದನ್ನು ಅರ್ಜೆಂಟೀನಾದ ರೆಫರಿ ಪಿಟಾನಾ ಅಂಗಳದ ಪಕ್ಕದ ಪರದೆಯಲ್ಲಿ ನೋಡಿ, ಹೊರಟವರು ಮತ್ತೆ ಹಿಂದಿರುಗಿ ನೋಡಿ, ಪೆನಾಲ್ಟಿ ಕೊಟ್ಟರು. ಎರಡನೇ ಸಲ ನೋಡಬೇಕಾಗಿ ಬಂದದ್ದು ‘ಸ್ಪಷ್ಟ, ಎದ್ದುಕಾಣುವ ತಪ್ಪು’ ಹೇಗಾದೀತು ಎಂದು ಕೇಳಿದವರ ಪಕ್ಷ ನಾವು. ನಿಧಾನಗತಿಯ ವಿಡಿಯೊ ಕೈ ಎಲ್ಲಿತ್ತು, ಎಲ್ಲಿ ತಾಗಿತು ಎಂದು ಹೇಳುತ್ತದೆ, ಸರಿ. ಬೇಕೆಂದೇ ಕೈ ಕೊಟ್ಟರೇ, ಏಟು ಎಷ್ಟು ಜೋರು ಎಂಬುದನ್ನು ಮಾಮೂಲಿ ವೇಗದಲ್ಲೇ ನೋಡಬೇಕು. ನಿಧಾನವಾಗಿ ತೋರಿಸಿದರೆ ಆಕಸ್ಮಿಕವೂ ಹುನ್ನಾರದ ಹಾಗೆ ಕಾಣುತ್ತದೆ.

ತಪ್ಪು ತೀರ್ಪು ಕೊಟ್ಟರೆಂದು ಪಂದ್ಯವನ್ನೇ ರದ್ದು ಮಾಡಿದ್ದುಂಟೇ? – ಓದುಗರು, ಕಲಬುರಗಿ

ಉಂಟು, ಅಪರೂಪಕ್ಕೆ. ಚೆಂಡು ದಾಟಿತೇ, ಕೈಗೆ ತಾಗಿತೇ ಎಂಬಂಥ ಕಣ್ಣಿನ ತಪ್ಪಿಗೆ ಮರುಪಂದ್ಯ ಕೊಡುವುದಿಲ್ಲ. ರೆಫರಿ ಕಂಡದ್ದೇ ಕೊನೆ. ನಿಯಮವನ್ನೇ ತಪ್ಪಾಗಿ ಓದಿದರೆ ಮಾತು ಬೇರೆ.

2005ರ ಸೆಪ್ಟೆಂಬರ್ 3ರಂದು ತಾಷ್ಕೆಂಟ್‌ನಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಉಜ್ಬೇಕಿಸ್ತಾನ ಬಹ್ರೇನ್ ಎದುರು 1–0 ಮುಂದಿದ್ದಾಗ ಪೆನಾಲ್ಟಿ ಸಿಕ್ಕಿ ಗೋಲಾಯಿತು. ಒದೆಯುವ ಮುಂಚೆಯೇ ಉಜ್ಬೇಕ್ ಆಟಗಾರನೊಬ್ಬ ಪೆನಾಲ್ಟಿ ಏರಿಯಾಕ್ಕೆ ನುಗ್ಗಿದ್ದ. ಆಗಿನ ನಿಯಮದ ಪ್ರಕಾರ, ಗೋಲಾಗಿದ್ದರಿಂದ ಪೆನಾಲ್ಟಿಯನ್ನು ಮತ್ತೆ ಒದೆಯಿಸಬೇಕಿತ್ತು. ಜಪಾನಿನ ರೆಫರಿ ಯೋಷಿದಾ ಗೋಲು ತಳ್ಳಿಹಾಕಿ ಬಹ್ರೇನ್‌ಗೆ ಫ್ರೀ ಕಿಕ್ ಕೊಟ್ಟರು. ಪಂದ್ಯವನ್ನು ಉಜ್ಬೇಕಿಸ್ತಾನವೇ 1–0ರಲ್ಲಿ ಗೆದ್ದಿತು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. 3–0 ಗೆಲುವು ಕೊಡಿ ಎಂದು ದೂರು ಹಾಕಿದರು. ಫಿಫಾ ಪಂದ್ಯವನ್ನೇ ರದ್ದು ಮಾಡಿ ಮತ್ತೆ ಆಡಿಸಿತು. ಮರುಪಂದ್ಯ 1–1, ಬಹ್ರೇನ್‌ನಲ್ಲಿ ನಡೆದ ಎರಡನೇ ಪಂದ್ಯ 0–0, ಎದುರಾಳಿ ನೆಲದಲ್ಲಿ ಹೊಡೆದ ಗೋಲಿನ ಬಲದಿಂದ ಬಹ್ರೇನ್ ಮುಂದೆ ಹೋಯಿತು.

ಇನ್ನೊಂದು, ಉದ್ದೇಶವೇ ಕೆಟ್ಟಿದ್ದರೆ. 2016ರ ನವೆಂಬರ್‌ನಲ್ಲಿ ಸೆನೆಗಲ್ ವಿರುದ್ಧ ದಕ್ಷಿಣ ಆಫ್ರಿಕಾಕ್ಕೆ, ಚೆಂಡು ಕೂಲಿಬಾಲಿಯ ಮೊಣಕಾಲಿಗೆ ತಾಗಿದ್ದಕ್ಕೆ, ಹ್ಯಾಂಡ್‌ಬಾಲ್ ಪೆನಾಲ್ಟಿ ಸಿಕ್ಕಿತ್ತು. ಘಾನಾದ ರೆಫರಿ ಲಾಂಪ್ಟಿಗೆ ಪಂದ್ಯದ ಮೇಲೆ ಅಕ್ರಮವಾಗಿ ಪ್ರಭಾವ ಬೀರಿದರೆಂದು ಆಜೀವ ನಿಷೇಧವಾಯಿತು. ಮರುಪಂದ್ಯವನ್ನು ಸೆನೆಗಲ್ 2–0ರಲ್ಲಿ ಗೆದ್ದಿತು.

ಒಬ್ಬನಿಗೇ ಮೂರು ಹಳದಿ ಕಾರ್ಡ್ ಕೊಟ್ಟ ರೆಫರಿ ಯಾರು? – ಓದುಗರು, ಮೈಸೂರು

ಇಂಗ್ಲೆಂಡಿನ ಗ್ರಹಾಂ ಪೋಲ್, 2006ರ ವಿಶ್ವಕಪ್‌ನ ಕ್ರೊಯೇಷ್ಯಾ–ಆಸ್ಟ್ರೇಲಿಯಾ ಪಂದ್ಯದಲ್ಲಿ. ಕ್ರೊಯೇಷ್ಯಾದ ಷಿಮುನಿಚ್‌ಗೆ 61, 90, 93ನೇ ನಿಮಿಷಗಳಲ್ಲಿ ಕಾರ್ಡ್ ತೋರಿಸಿದರು. ಎರಡನೆಯದನ್ನು ಚೀಟಿಯಲ್ಲಿ ಬರೆಯುವಾಗ ಕ್ರೊಯೇಷ್ಯಾದ 3ನೇ ನಂಬರ್ ಬದಲು ಆಸ್ಟ್ರೇಲಿಯಾದ 3ನೇ ನಂಬರ್ ಸಾಲಿಗೆ ಹಾಕಿಬಿಟ್ಟರು. ಷಿಮುನಿಚ್ ಹುಟ್ಟಿ ಬೆಳೆದದ್ದು ಕ್ಯಾನ್‌ಬೆರಾದಲ್ಲಿ, ಇಂಗ್ಲಿಷ್ ಆಸ್ಟ್ರೇಲಿಯಾದವರದ್ದೇ ಹಾಗೆ. ವಿಚಿತ್ರವೆಂದರೆ ಆ ವಿಶ್ವಕಪ್‌ನಲ್ಲಿ ರೆಫರಿಗಳ ಕಿವಿಗೆ ಮೈಕ್ ಬಂದಿತ್ತು, ಆದರೂ ಉಳಿದ ಅಧಿಕಾರಿಗಳಲ್ಲಿ ಯಾರೂ ತಡೆಯಲಿಲ್ಲ.

ಸಮಯ ಮುಗಿಯುವ ಮುಂಚೆಯೇ ಸೀಟಿ ಊದಿದರೆ? – ಓದುಗರು, ಉಡುಪಿ

2022ರ ಜನವರಿ 12ರಂದು ಆಫ್ರಿಕಾ ಕಪ್‌ನ ಟುನೀಶಿಯಾ–ಮಾಲಿ ಪಂದ್ಯದಲ್ಲಿ ಜಾಂಬಿಯಾದ ಸಿಕಾಜ್ವೆ 85ನೇ ನಿಮಿಷದಲ್ಲಿ ಒಮ್ಮೆ ಊದಿ, ತಪ್ಪು ತಿದ್ದಿಕೊಂಡು ಆಡಿಸಿ, 90 ತುಂಬುವ ಕೆಲವೇ ಸೆಕೆಂಡ್ ಮೊದಲು ಮತ್ತೆ ಊದಿದರು. ಬಿಸಿಲ ಝಳ ತಾಗಿತ್ತು. ಆಮೇಲೆ ಮತ್ತೆ ಆಡಿಸಲು ಕರೆದಾಗ ಟುನೀಶಿಯಾ ಬರಲಿಲ್ಲ. ಮಾಲಿಯ 1–0 ಉಳಿಯಿತು.

1978ರಲ್ಲಿ ಬ್ರೆಜಿಲ್–ಸ್ವೀಡನ್ ಪಂದ್ಯದ ಕ್ಲೈವ್ ಥಾಮಸ್ ಕತೆ ಇದಕ್ಕಿಂತ ರುಚಿ. ಕಾರ್ನರ್ ಚೆಂಡು ಗಾಳಿಯಲ್ಲಿರುವಾಗಲೇ ಸೀಟಿ ಊದಿದರು, ಜೀಕೊ ತಲೆಯಿಂದ ಹೊಡೆದ ಗೋಲು ಹೋಯಿತು, ಪಂದ್ಯ 1–1. ನಿಯಮದ ಪ್ರಕಾರ ಅದು ತಪ್ಪೇ ಅಲ್ಲ. ಸಮಯ ಮುಗಿದ ಮೇಲೂ ಆಡಿಸಲೇಬೇಕಾದದ್ದು ಪೆನಾಲ್ಟಿ ಒಂದನ್ನೇ. ಅಷ್ಟು ನಿಖರವಾಗಿದ್ದರೆ ಕಾರ್ನರ್ ಒದೆಯುವ ಮೊದಲೇ ಊದಬಹುದಿತ್ತು.

ಇದು ಅಂತರರಾಷ್ಟ್ರೀಯ ಪಂದ್ಯವಲ್ಲ, ಆದರೂ ಕೇಳುತ್ತೇನೆ. 2023ರಲ್ಲಿ ಕಂಠೀರವದಲ್ಲಿ ಚೆಟ್ರಿ ಹೊಡೆದ ಫ್ರೀ ಕಿಕ್ ಗೋಲು ಸರಿಯೇ? – ಓದುಗರು, ಬೆಂಗಳೂರು

ಎದುರಾಳಿ ಸಿದ್ಧವಾಗುವ ಮುಂಚೆಯೇ ಚೆಟ್ರಿ ಒದ್ದರೆಂಬುದೇ ತಕರಾರು. ಬೇಗ ಒದೆಯುವ ಹಕ್ಕು ಫ್ರೀ ಕಿಕ್ ಸಿಕ್ಕ ತಂಡದ್ದು. 9.15 ಮೀಟರ್ ದೂರ ಸರಿಯುವುದು ಎದುರಾಳಿಯ ಕರ್ತವ್ಯ; ಆಟಗಾರರ ಗೋಡೆ ಕಟ್ಟಿಕೊಳ್ಳಲು ಸಮಯ ಕೊಡಿ ಎಂದು ಕೇಳುವ ಹಕ್ಕು ಅವರಿಗಿಲ್ಲ. ಸೀಟಿ ಊದುವ ತನಕ ಕಾಯಿರಿ ಎಂದು ರೆಫರಿ ಸನ್ನೆ ಮಾಡಿದ್ದರೆ ಮಾತ್ರ ಕಾಯಬೇಕು. ಮಾರ್ಚ್ 3ರ ಆ ಪಂದ್ಯದಲ್ಲಿ ಕೇರಳ ಬ್ಲಾಸ್ಟರ್ಸ್ ಅಂಗಳ ಬಿಟ್ಟು ಹೊರನಡೆಯಿತು, ಪ್ರತಿಭಟನೆ ತಿರಸ್ಕೃತವಾಯಿತು, 4 ಕೋಟಿ ರೂಪಾಯಿ ದಂಡ ಬಿತ್ತು.

ನಮ್ಮ ಬಡಾವಣೆಯ ಟೂರ್ನಿಗೆ ಕ್ಯಾಮೆರಾ ಇಲ್ಲ. ಇಂಥ ಜಗಳ ಕಡಿಮೆ ಮಾಡುವುದು ಹೇಗೆ? – ಓದುಗರು, ಆಸ್ಟಿನ್ ಟೌನ್, ಬೆಂಗಳೂರು

ನೆಟ್ಟಿನಿಂದ ಶುರುಮಾಡಿ. ಪ್ರತಿ ಅರ್ಧದ ಮುಂಚೆ ಸಹಾಯಕ ರೆಫರಿ ನೆಟ್ಟನ್ನು ಕೈಯಿಂದ ಎಳೆದು, ತೂತು ಇದೆಯೇ, ಕೆಳಗಿನ ಗೂಟ ಬಿಗಿಯಾಗಿದೆಯೇ ನೋಡಬೇಕು. 2013ರಲ್ಲಿ ಜರ್ಮನಿಯ ಲೀಗ್‌ನಲ್ಲೇ ಕೀಸ್ಲಿಂಗ್ ತಲೆಯಿಂದ ಹೊಡೆದ ಚೆಂಡು ಪಕ್ಕದ ನೆಟ್ಟಿನ ತೂತಿನಿಂದ ಒಳಹೋಗಿ ಗೋಲೆನಿಸಿತು. ಗೋಲ್ ಲೈನನ್ನು ಕಂಬದಷ್ಟೇ ಅಗಲ ಎಳೆಯಿರಿ, 12 ಸೆಂ.ಮೀ ಮೀರದಿರಲಿ. ಸುಟ್ಟ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಅಪಾಯ. ಚಾಕ್ ಪುಡಿ ಸಾಕು.

ರೆಫರಿ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಓಡಲಿ, ಸಹಾಯಕರಿಬ್ಬರು ಉಳಿದೆರಡು ಮೂಲೆಯ ಕಡೆ. ಆಗ ಆಟ ಯಾವಾಗಲೂ ಇಬ್ಬರ ನಡುವೆ ಇರುತ್ತದೆ, ಒಬ್ಬರಿಗೆ ಮರೆಯಾದದ್ದು ಇನ್ನೊಬ್ಬರಿಗೆ ಕಾಣುತ್ತದೆ. ಕಾರ್ನರ್ ಕಿಕ್ ಆಗುವಾಗ ಸಹಾಯಕರು ಮೂಲೆ ಬಾವುಟದ ಹಿಂದೆ, ಗೋಲ್ ಲೈನಿನ ನೇರಕ್ಕೆ ನಿಲ್ಲಬೇಕು. ಚೆಂಡು ಲೈನ್ ದಾಟಿ ವಾಪಸ್ ಬಂದರೆ ಮೊದಲು ಬಾವುಟ ಎತ್ತಿ ರೆಫರಿಯ ಗಮನ ಸೆಳೆದು, ಆಮೇಲೆ ಮಧ್ಯದ ಗೆರೆಯ ಕಡೆಗೆ 25–30 ಮೀಟರ್ ಓಡಬೇಕು. ಇದನ್ನು ಪಂದ್ಯಕ್ಕೆ ಮುಂಚೆ ಮೂವರೂ ಕೂತು ಮಾತಾಡಿಕೊಳ್ಳಿ.

ಕಾರ್ಡ್ ಬರೆಯುವಾಗ ಮೊದಲು ತಂಡ, ಆಮೇಲೆ ನಂಬರ್, ನಿಮಿಷ. ಗಡಿಯಾರ ಎರಡು ಕಟ್ಟಿಕೊಳ್ಳಲಿ: ಒಂದು ನಿಲ್ಲದೆ ಓಡಲಿ, ಇನ್ನೊಂದನ್ನು ಗಾಯ, ತಡ ಆದಾಗ ನಿಲ್ಲಿಸಲಿ. ಅನುಮಾನವಿದ್ದರೆ ಆಟ ಮತ್ತೆ ಶುರುವಾಗುವ ಮೊದಲೇ ಸಹಾಯಕರನ್ನು ಕೇಳಿ ತೀರ್ಪು ತಿದ್ದಬಹುದು. ಚೆಂಡು ಒದ್ದ ಮೇಲೆ ತಿದ್ದುವಂತಿಲ್ಲ. ಬೌಂಡರಿಯಾಚೆಯಿಂದ ಮೊಬೈಲ್ ವಿಡಿಯೊ ಹಿಡಿದು ಓಡಿಬರುವವರು ಇದ್ದೇ ಇರುತ್ತಾರೆ. ವಿಎಆರ್ ಇಲ್ಲದ ಟೂರ್ನಿಯಲ್ಲಿ ರೆಫರಿ ಅದನ್ನು ನೋಡುವಂತಿಲ್ಲ ಎಂದು ಎರಡೂ ತಂಡಗಳಿಗೆ ಟಾಸ್‌ಗೆ ಮುಂಚೆಯೇ ಹೇಳಿಬಿಡಿ.